ಕಾಲು ಡಿಗ್ರಿ ತಪ್ಪಿದರೆ ಕಡಲೆಲ್ಲ ಮಂಜು: ಹಡಗುಗಳಿಗೆ ಬೇಕಾದ ಮುನ್ಸೂಚನೆ ಎಲ್ಲಿ ಎಡವುತ್ತಿದೆ?

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಆಗ್ನೇಯಕ್ಕೆ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಆಳವಿಲ್ಲದ ಕಡಲಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಮಂಜು ಕವಿಯುವ ಜಾಗಗಳಲ್ಲಿ ಇದೂ ಒಂದು. ಉತ್ತರದಿಂದ ಲ್ಯಾಬ್ರಡಾರ್ ಪ್ರವಾಹ ಕೊರೆಯುವ ನೀರನ್ನು ಹೊತ್ತು ತರುತ್ತದೆ, ದಕ್ಷಿಣದಲ್ಲಿ ಗಲ್ಫ್ ಸ್ಟ್ರೀಮ್ ಬೆಚ್ಚಗೆ ಹರಿಯುತ್ತದೆ. ಜೂನ್, ಜುಲೈ ತಿಂಗಳಲ್ಲಿ ತೆಂಕಣ ಗಾಳಿ ಎದ್ದರೆ ಆ ಬೆಚ್ಚನೆಯ ತೇವದ ಗಾಳಿ ತಣ್ಣೀರಿನ ಮೇಲೆ ಹಾಯುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ತಂಬಿಗೆ ಬೆವರುವುದಿಲ್ಲವೇ, ಇದೂ ಹಾಗೆಯೇ. ಆದರೆ ಇಲ್ಲಿ ಬೆವರು ಪೂರ್ತಿ ತಂಬಿಗೆಯ ಮೈಗೆ ಅಂಟುವುದಿಲ್ಲ, ಬಹುಪಾಲು ಗಾಳಿಯಲ್ಲೇ ತೇಲುತ್ತದೆ. ದ್ವೀಪದ ದಕ್ಷಿಣದ ಪ್ಲಸೆಂಶಿಯಾ ಕೊಲ್ಲಿಯ ದಡದಲ್ಲಿರುವ ಅರ್ಜೆಂಶಿಯಾದಲ್ಲಿ ವರ್ಷಕ್ಕೆ ಸುಮಾರು 200 ದಿನ ಮಂಜು. ಕಚ್ಚಾ ಎಣ್ಣೆ ಹೊತ್ತ ಟ್ಯಾಂಕರುಗಳು ಓಡಾಡುವುದೂ ಅದೇ ಕೊಲ್ಲಿಯಲ್ಲಿ.

ಒಂದು ಕಿಲೋಮೀಟರಿಗಿಂತ ಆಚೆ ಏನೂ ಕಾಣದಿದ್ದರೆ ಹವಾಮಾನದವರು ಅದನ್ನು ಮಂಜು ಎನ್ನುತ್ತಾರೆ. ನೆಲದ ಮೇಲೆ ಒಂದು ಕಿಲೋಮೀಟರ್ ಬೇಕಾದಷ್ಟಾಯಿತು, ಹಡಗಿಗೆ ಅದು ಏನೇನೂ ಸಾಲದು. ತಲಾ 12 ನಾಟ್ (ಗಂಟೆಗೆ ಸುಮಾರು 22 ಕಿ.ಮೀ.) ವೇಗದಲ್ಲಿ ಎದುರುಬದುರಾಗಿ ಬರುವ ಎರಡು ಹಡಗುಗಳ ನಡುವಿನ ಒಂದು ಕಿಲೋಮೀಟರ್ 81 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಪೂರ್ಣ ವೇಗದಲ್ಲಿದ್ದ ಹಡಗು ಎಂಜಿನ್ ಹಿಂದಕ್ಕೆ ತಿರುಗಿಸಿದ ಮೇಲೆ ತನ್ನ ಉದ್ದದ 15 ಪಟ್ಟು ದೂರದೊಳಗೆ ನಿಲ್ಲಬೇಕು ಎಂಬುದು ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಅಳತೆಗೋಲು. 250 ಮೀಟರಿನ ಹಡಗಿಗೆ ಅದು 3.75 ಕಿ.ಮೀ. ಕಣ್ಣಿಗೆ ಬಿದ್ದ ಮೇಲೆ ನಿಲ್ಲಿಸುತ್ತೇವೆ ಎನ್ನುವ ಮಾತೇ ಇಲ್ಲಿ ನಡೆಯುವುದಿಲ್ಲ.

ರಾಡಾರ್ ಇದೆಯಲ್ಲ ಎಂದು ಕೇಳಬಹುದು. 1956ರ ಜುಲೈ 25ರ ರಾತ್ರಿ ಅಮೆರಿಕದ ನಾಂಟಕೆಟ್ ದ್ವೀಪದ ಬಳಿ ಡಿಕ್ಕಿಯಾದ ಆಂಡ್ರಿಯಾ ಡೋರಿಯಾ, ಸ್ಟಾಕ್‌ಹೋಮ್ ಎರಡರಲ್ಲೂ ರಾಡಾರ್ ಇತ್ತು, ಪರದೆಯ ಮೇಲೆ ಒಂದಕ್ಕೊಂದು ಕಂಡೂ ಇದ್ದವು. ಒಂದು ಎಡಕ್ಕೆ ತಿರುಗಿತು, ಇನ್ನೊಂದು ಬಲಕ್ಕೆ. 51 ಜನ ಸತ್ತರು. ಅದಕ್ಕೂ ಮೊದಲು, 1914ರ ಮೇ 29ರಂದು ಸೇಂಟ್ ಲಾರೆನ್ಸ್ ನದಿಯ ಮಂಜಿನಲ್ಲಿ ಕಲ್ಲಿದ್ದಲು ಹಡಗು ಗುದ್ದಿದ ಎಂಪ್ರೆಸ್ ಆಫ್ ಐರ್‌ಲ್ಯಾಂಡ್ ಕಾಲು ಗಂಟೆಯೊಳಗೆ ಮುಳುಗಿ ಸಾವಿರಕ್ಕೂ ಹೆಚ್ಚು ಜನರನ್ನು ನುಂಗಿತ್ತು. ಮಂಜಿನೊಳಗೆ ಸಿಕ್ಕಿಕೊಂಡ ಮೇಲೆ ಮಾಡಬೇಕಾದ್ದನ್ನು 1972ರ ಡಿಕ್ಕಿ ತಡೆ ನಿಯಮಗಳು ಸ್ಪಷ್ಟವಾಗಿ ಹೇಳಿವೆ: ವೇಗ ಇಳಿಸಿ, ಎಂಜಿನ್ ಸಿದ್ಧವಾಗಿಡಿ, ಎರಡು ನಿಮಿಷಕ್ಕೊಮ್ಮೆಯಾದರೂ ಉದ್ದನೆಯ ಹಾರ್ನ್ ಊದಿ, ಮುಂದಿರುವ ಹಡಗನ್ನು ತಪ್ಪಿಸಲು ಆದಷ್ಟೂ ಎಡಕ್ಕೆ ತಿರುಗಬೇಡಿ. ಆದರೆ ಆರು ಗಂಟೆ ಮೊದಲೇ ಗೊತ್ತಾಗಿದ್ದರೆ ಹಡಗು ಮಂಜಿನೊಳಕ್ಕೆ ಹೋಗುವುದನ್ನೇ ತಪ್ಪಿಸಬಹುದಿತ್ತು. ಮುನ್ಸೂಚನೆ ಬೇಕಾಗಿರುವುದು ಅದಕ್ಕೆ. ಗಾಳಿ, ಅಲೆ, ಚಂಡಮಾರುತಗಳ ಮುನ್ಸೂಚನೆ ಇಷ್ಟೊಂದು ಸುಧಾರಿಸಿರುವಾಗ ಮಂಜಿನದು ಮಾತ್ರ ಯಾಕೆ ಹಿಂದೆ ಬಿದ್ದಿದೆ?

ನೂರರಲ್ಲಿ ಒಂದು ಪಾಲು

ಕಾರಣ ಅಂಕಿಗಳಲ್ಲೇ ಇದೆ. 10 ಡಿಗ್ರಿ ಸೆಲ್ಸಿಯಸ್ ತಾಪದ, ತೇವ ತುಂಬಿದ ಗಾಳಿಯ ಒಂದು ಘನಮೀಟರಿನಲ್ಲಿ ಸುಮಾರು 9.4 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿಯಲ್ಲಿ 200 ಮೀಟರ್ ಆಚೆ ಕಾಣದಂಥ ದಟ್ಟ ಮಂಜು ಕಟ್ಟಲು ಬೇಕಾಗುವ ದ್ರವ ನೀರು 0.1 ಗ್ರಾಮಿನ ಆಸುಪಾಸು. ಅಂದರೆ ಒಟ್ಟು ನೀರಿನ ನೂರರಲ್ಲಿ ಒಂದು ಪಾಲು. ಮುನ್ಸೂಚನೆಯ ಕಂಪ್ಯೂಟರ್ ಮಾದರಿ ಊಹಿಸಬೇಕಾದದ್ದು ಆ ಒಂದು ಪಾಲನ್ನು. ಇಬ್ಬನಿ ಬಿಂದುವಿನ (ಗಾಳಿಯ ನೀರಾವಿ ಹನಿಯಾಗತೊಡಗುವ ತಾಪ) ಭಾಷೆಯಲ್ಲಿ ಹೇಳಿದರೆ ಅದು 0.17 ಡಿಗ್ರಿಯಷ್ಟೆ. ಹಡಗಿನ ಮೇಲೋ ಕಡಲಲ್ಲಿ ತೇಲಿಬಿಡುವ ಬೋಯ್ ಮೇಲೋ ಕೂರಿಸುವ ಒಳ್ಳೆಯ ಆರ್ದ್ರತೆ ಸಂವೇದಕದ ತಪ್ಪೇ ಶೇ 1ರಿಂದ 2ರಷ್ಟು ಇರುತ್ತದೆ. ಇಬ್ಬನಿ ಬಿಂದುವಿನಲ್ಲಿ 0.15ರಿಂದ 0.3 ಡಿಗ್ರಿ. ಅಳೆಯುವ ಉಪಕರಣದ ತಪ್ಪಿನೊಳಗೆ ಇಡೀ ಮಂಜೇ ಅಡಗಿ ಕೂರಬಹುದು.

ಗಾಳಿಯ ವೇಗವನ್ನು ಎರಡು ನಾಟ್ ತಪ್ಪಾಗಿ ಹೇಳಿದರೂ ಕಪ್ತಾನ ಹೇಗೋ ನಿಭಾಯಿಸುತ್ತಾನೆ. ಮಂಜಿನಲ್ಲಿ ಹಾಗಿಲ್ಲ, ಕಾಲು ಡಿಗ್ರಿ ಆಚೀಚೆ ಆದರೆ ಉತ್ತರವೇ ತಲೆಕೆಳಗು.

ಹೀಗಾಗಿ ಸುಧಾರಣೆ ಎಂದ ಕೂಡಲೇ ದೊಡ್ಡ ಕಂಪ್ಯೂಟರ್, ಕಡಲನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುವ ಮಾದರಿ ಎಂದು ಹೊರಡುವುದು ಅರ್ಧ ಉತ್ತರ ಮಾತ್ರ. ಕೆನಡಾದ ಪ್ರಾದೇಶಿಕ ಮಾದರಿ ಈಗಾಗಲೇ 2.5 ಕಿ.ಮೀ. ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಯುರೋಪಿನ ಜಾಗತಿಕ ಮಾದರಿಯಲ್ಲಿ ಗಾಳಿಗೆ ಒಂದರ ಮೇಲೊಂದು 137 ಪದರಗಳಿವೆ, ಕೆಳಗಿನದು ನೆಲದಿಂದ 10 ಮೀಟರ್ ಎತ್ತರದಲ್ಲಿದೆ. ಕೊರತೆ ಹೆಚ್ಚಾಗಿ ಇರುವುದು ಮಾದರಿಗೆ ಉಣಿಸುವ ಅಳತೆಗಳಲ್ಲಿ, ಅದರಲ್ಲೂ ಕಡಲ ಮೈಯ ತಾಪ ಮತ್ತು ಅದರ ಮೇಲಿನ ಕೆಲವೇ ಹತ್ತು ಮೀಟರ್ ಗಾಳಿಯ ತೇವದಲ್ಲಿ.

ಮಂಜು ತನ್ನ ಕಾರಣವನ್ನೇ ಮುಚ್ಚಿಡುತ್ತದೆ

ಕಡಲ ಮೈಯ ತಾಪವನ್ನು ಉಪಗ್ರಹಗಳು ಅವಗೆಂಪು ಕಿರಣದಲ್ಲಿ ಚೆನ್ನಾಗಿ ಅಳೆಯುತ್ತವೆ, ಮೋಡ ಇಲ್ಲದಿದ್ದರೆ. ಮಂಜೂ ಒಂದು ಮೋಡವೇ. ಗ್ರ್ಯಾಂಡ್ ಬ್ಯಾಂಕ್ಸ್ ಮೇಲೆ ವಾರಗಟ್ಟಲೆ ಮಂಜು ಕೂತರೆ ಕೆಳಗಿನ ನೀರಿನ ತಾಪ ಅವಗೆಂಪಿಗೆ ಕಾಣುವುದೇ ಇಲ್ಲ. ಅಂದರೆ ಯಾವ ಅಳತೆ ಅತ್ಯಗತ್ಯವೋ ಅದು ಬೇಕಾದ ಹೊತ್ತಿನಲ್ಲೇ ಕೈಗೆ ಸಿಗದು. ಮೈಕ್ರೋವೇವ್ ಉಪಕರಣಗಳು ಮಂಜನ್ನು ತೂರಿ ನೋಡುತ್ತವೆ. ಆದರೆ ಜಪಾನಿನ ಉಪಗ್ರಹದಲ್ಲಿ 2012ರಿಂದ ಇರುವ ಆಮ್ಸರ್-2 ಕೂಡ 6.9 ಗಿಗಾಹರ್ಟ್ಸ್‌ನಲ್ಲಿ ಒಂದು ಸಲಕ್ಕೆ ನೋಡುವ ಜಾಗ 35 ಕಿ.ಮೀ.ಗೆ 62 ಕಿ.ಮೀ. ದಡ ಹತ್ತಿರವಾದಂತೆ ನೆಲದ ಕಿರಣವೂ ಬೆರೆತು ಅಳತೆ ಕೆಡುತ್ತದೆ. ಬಂದರಿನ ಬಾಯಿಯಲ್ಲಿ, ಅಂದರೆ ಹಡಗುಗಳು ಗುಂಪುಗೂಡುವ ಕಡೆಯಲ್ಲೇ, ಅದು ಕೈಕೊಡುತ್ತದೆ.

ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದ ನೈಋತ್ಯ ತುದಿಯನ್ನು ನೋಡಿ. ಪಕ್ಕದ ಫಂಡಿ ಕೊಲ್ಲಿಯಲ್ಲಿ ಉಬ್ಬರ ಇಳಿತದ ಅಂತರ ಒಳತುದಿಯಲ್ಲಿ 16 ಮೀಟರ್ ಮುಟ್ಟುತ್ತದೆ. ಆ ನೂಕಾಟಕ್ಕೆ ಯಾರ್ಮತ್ ಬಳಿ ತಳದ ತಣ್ಣೀರು ಕಲಸಿಕೊಂಡು ಮೇಲೆ ಬರುತ್ತದೆ. ಕೆಲವೇ ಕಿಲೋಮೀಟರ್ ಅಂತರದಲ್ಲಿ ನೀರಿನ ತಾಪ ಹಲವು ಡಿಗ್ರಿ ಬದಲಾಗುವ ಇಂಥ ಕಡೆ, ಹತ್ತಾರು ಕಿಲೋಮೀಟರ್ ಸರಾಸರಿ ತೆಗೆದ ನಕ್ಷೆ ತಣ್ಣನೆಯ ಪಟ್ಟಿಯನ್ನು ಅಳಿಸಿಹಾಕುತ್ತದೆ. ಮಾದರಿಗೆ ನೀರು ಬೆಚ್ಚಗಿದೆ ಎಂದು ತೋರುತ್ತದೆ, ಅದು ಮಂಜಿಲ್ಲ ಎನ್ನುತ್ತದೆ.

ಹಡಗುಗಳೇ ನೀರಿನ ತಾಪ ಕಳಿಸುವುದಿಲ್ಲವೇ? ಕಳಿಸುತ್ತವೆ, ಆದರೆ ಹೆಚ್ಚಿನವು ಎಂಜಿನ್ ತಂಪಾಗಿಸಲು ಒಳಗೆಳೆಯುವ ನೀರನ್ನು ಅಳೆಯುತ್ತವೆ. ಅದು ಮೈನೀರಲ್ಲ, ಹಲವು ಮೀಟರ್ ಆಳದ್ದು. ಮೇಲಾಗಿ ಎಂಜಿನ್ ಕೋಣೆಯ ಕಾವು ತಗುಲಿ ಅಂಕಿ ಮೇಲೇರುತ್ತದೆ. ಹಡಗಿನ ಹೊರಮೈಗೆ ಒಳಗಿನಿಂದ ಅಂಟಿಸಿ, ಸುತ್ತ ಶಾಖ ತಡೆಯುವ ಹೊದಿಕೆ ಹಾಕಿದ ಸಂವೇದಕ ಇದಕ್ಕಿಂತ ಎಷ್ಟೋ ವಾಸಿ. ಬಂದರಿನ ದಾರಿಯಲ್ಲಿ ಲಂಗರು ಹಾಕಿ ತೇಲಿಬಿಟ್ಟ ಬೋಯ್ ಇನ್ನೂ ಒಳ್ಳೆಯದು. ಹ್ಯಾಲಿಫ್ಯಾಕ್ಸ್ ಬಂದರಿನ ಹೊರಬಾಯಿಯಲ್ಲಿ, ಹೆರಿಂಗ್ ಕೋವ್ ಎದುರು, 2013ರಿಂದ ಇಂಥದ್ದೊಂದು ಬೋಯ್ ಗಾಳಿ, ಅಲೆ, ನೀರಿನ ತಾಪಗಳ ಅಳತೆಯನ್ನು, ಹಡಗನ್ನು ಬಂದರಿನೊಳಕ್ಕೆ ನಡೆಸುವ ಪೈಲಟ್‌ಗಳಿಗೆ ಕಳಿಸುತ್ತಿದೆ. ಮಂಜಿಗಾಗಿ ಬೋಯ್ ಹಾಕುವುದಾದರೆ ಒಂದು ಸಾಲದು. ತಾಪ ಥಟ್ಟನೆ ಬದಲಾಗುವ ಗೆರೆಯ ಎರಡೂ ಬದಿಗೆ ಒಂದೊಂದು ಬೇಕು, ಗಾಳಿಯ ತಾಪ ಮತ್ತು ಆರ್ದ್ರತೆಯನ್ನು ಎರಡು ಎತ್ತರಗಳಲ್ಲಿ ಅಳೆಯಬೇಕು.

ಈ ಕಡಲಿನಲ್ಲಿ ಇಂಥ ಅಳತೆಯ ದಾರಿ ತೆರೆದದ್ದು ಟೈಟಾನಿಕ್ ದುರಂತ. ಮುಳುಗಡೆಯ ಮರುವರ್ಷ, 1913ರಲ್ಲಿ, ಹಿಮಗಡ್ಡೆಗಳ ಮೇಲೆ ಕಣ್ಣಿಡಲು ಬ್ರಿಟನ್ ಸ್ಕೋಶಿಯಾ ಎಂಬ ಹಳೆಯ ತಿಮಿಂಗಿಲ ಬೇಟೆಯ ಹಡಗನ್ನು ಕಳಿಸಿತು. ಅದರಲ್ಲಿದ್ದ ಹವಾಮಾನ ವಿಜ್ಞಾನಿ ಜಿ. ಐ. ಟೇಲರ್ ಗಾಳಿಪಟಕ್ಕೆ ಉಪಕರಣ ಕಟ್ಟಿ ಹಾರಿಸಿ, ಕಡಲ ಮೇಲಿನ ಗಾಳಿಯ ತಾಪ ಮತ್ತು ತೇವ ಎತ್ತರಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂದು ಅಳೆದರು. ನೂರು ವರ್ಷ ದಾಟಿದರೂ ಆ ಕೆಳಪದರದ ಅಳತೆ ಅಪರೂಪವೇ. ಶ್ರೀಲಂಕಾ ಮೂಲದ ವಿಜ್ಞಾನಿ ಹರೀಂದ್ರ ಜೋಸೆಫ್ ಫೆರ್ನಾಂಡೊ ಅವರ ಮುಂದಾಳತ್ವದಲ್ಲಿ 2018ರಲ್ಲಿ ಇದೇ ಕರಾವಳಿಯಲ್ಲಿ ಸಿ-ಫಾಗ್, 2022ರ ಜುಲೈಯಲ್ಲಿ ಸೇಬಲ್ ದ್ವೀಪ ಮತ್ತು ಗ್ರ್ಯಾಂಡ್ ಬ್ಯಾಂಕ್ಸ್‌ನಲ್ಲಿ ಫಾತಿಮಾ ಎಂಬ ಅಧ್ಯಯನ ನಡೆಯಿತು. ಸೇಬಲ್ ದ್ವೀಪದಲ್ಲಿ ವರ್ಷಕ್ಕೆ ಸುಮಾರು 125 ದಿನ ಮಂಜಿರುತ್ತದೆ. ಇವು ಕೆಲವೇ ವಾರಗಳ ಅಧ್ಯಯನಗಳು. ವರ್ಷವಿಡೀ ನಡೆಯುವ ಅಳತೆಯ ಜಾಗವನ್ನು ಅವು ತುಂಬಲಾರವು.

ಹನಿಗಳ ಎಣಿಕೆ

ನೀರು ಎಷ್ಟಿದೆ ಎಂದು ಸರಿಯಾಗಿ ಊಹಿಸಿದರೂ ಎಷ್ಟು ದೂರ ಕಾಣುತ್ತದೆ ಎಂಬುದು ಇನ್ನೂ ನಿಗದಿಯಾಗುವುದಿಲ್ಲ. ಅದೇ 0.1 ಗ್ರಾಂ ನೀರು ಪ್ರತಿ ಘನ ಸೆಂಟಿಮೀಟರಿಗೆ 100 ಸಣ್ಣ ಹನಿಗಳಾಗಿ ಹಂಚಿದರೆ ಒಂದೊಂದರ ಅಡ್ಡಳತೆ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). 20 ಹನಿಗಳಾದರೆ 21 ಮೈಕ್ರಾನ್. ಸಣ್ಣ ಹನಿ ಹೆಚ್ಚಿದ್ದಷ್ಟೂ ಬೆಳಕಿಗೆ ಅಡ್ಡಿ ಹೆಚ್ಚು. ವಿಜ್ಞಾನಿ ಇಸ್ಮಾಯಿಲ್ ಗುಲ್ಟೆಪೆ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟ, ಈಗ ಬಹಳ ಕಡೆ ಬಳಸುವ ಸೂತ್ರದ ಪ್ರಕಾರ ಮೊದಲನೆಯದರಲ್ಲಿ ಗೋಚರತೆ 225 ಮೀಟರ್, ಎರಡನೆಯದರಲ್ಲಿ 640 ಮೀಟರ್. ಹನಿಗಳೆಲ್ಲ ಒಂದೇ ಗಾತ್ರದವು ಎಂದಿಟ್ಟುಕೊಂಡು ಬರಿಯ ಜ್ಯಾಮಿತಿಯಿಂದ ಲೆಕ್ಕ ಹಾಕಿದರೆ ವ್ಯತ್ಯಾಸ 1.7 ಪಟ್ಟು ಮಾತ್ರ, ಸೂತ್ರದಲ್ಲಿ ಅದು ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ಬಳಸುವ ಸೂತ್ರ ಯಾವುದು ಎಂಬುದರ ಮೇಲೂ ಉತ್ತರ ಬದಲಾಗುತ್ತದೆ ಎಂದಾಯಿತು. ಹನಿಗಳ ಸಂಖ್ಯೆ ಗಾಳಿಯಲ್ಲಿನ ಉಪ್ಪಿನ ಕಣ, ಹೊಗೆಯ ಕಣಗಳನ್ನು ಅವಲಂಬಿಸುತ್ತದೆ. ಅನೇಕ ಮಾದರಿಗಳು ಮಾತ್ರ ಎಲ್ಲ ಕಡೆಗೂ ಒಂದೇ ಸಂಖ್ಯೆ ಇಟ್ಟುಕೊಂಡು ಲೆಕ್ಕ ಮುಗಿಸುತ್ತವೆ.

ಇನ್ನೊಂದು ಸೋರಿಕೆ ಕೆಳಗಿನದು. ಗಾಳಿಯ ಅಲುಗಾಟಕ್ಕೆ ಹನಿಗಳು ಕಡಲ ಮೈಗೆ ಬಡಿದು ಸೇರಿಹೋಗುತ್ತವೆ. ಹನಿ ತನ್ನ ಭಾರಕ್ಕೆ ತಾನೇ ಬೀಳುವುದನ್ನಷ್ಟೇ ಲೆಕ್ಕಕ್ಕೆ ಹಿಡಿದು ಇದನ್ನು ಬಿಟ್ಟ ಮಾದರಿಯಲ್ಲಿ ನೀರು ಕೆಳಪದರದಲ್ಲೇ ಉಳಿದು ಮಂಜು ವಿಪರೀತ ದಟ್ಟವಾಗುತ್ತದೆ.

ಮಂಜು ಬಲಿತ ಮೇಲೆ ಆಟದ ನಿಯಮವೇ ಬದಲಾಗುತ್ತದೆ ಎಂಬುದು ಎಳೆಯ ಮುನ್ಸೂಚಕರನ್ನು ಹೆಚ್ಚು ಎಡವಿಸುವ ಸಂಗತಿ. ಗಾಳಿ ನೀರಿಗಿಂತ ಬೆಚ್ಚಗಿದ್ದರೆ ಮಂಜು, ತಣ್ಣಗಾದರೆ ಕರಗುತ್ತದೆ ಎಂದು ಪಾಠದಲ್ಲಿ ಓದಿರುತ್ತಾರೆ. ಮಂಜಿನ ಪದರ ದಪ್ಪವಾದಾಗ ಅದರ ನೆತ್ತಿ ಆಕಾಶಕ್ಕೆ ಶಾಖ ಸೂಸಿ ತಣ್ಣಗಾಗುತ್ತದೆ, ಆ ತಂಪು ಕೆಳಗಿಳಿದು ಗಾಳಿ ಕಡಲಿಗಿಂತಲೂ ತಣ್ಣಗಾಗುತ್ತದೆ. ಆಗ ಕಡಲೇ ಮೇಲಿನ ಗಾಳಿಯನ್ನು ಕಾಯಿಸುತ್ತಿರುತ್ತದೆ, ಆದರೂ ಮಂಜು ಕದಲುವುದಿಲ್ಲ. ನೆಲದ ಮಂಜು ಗಾಳಿ ಎದ್ದರೆ ಚೆದುರುತ್ತದೆ. ಕಡಲ ಮಂಜು ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲೂ ನಿಲ್ಲುವುದುಂಟು. ಅದನ್ನು ಒಡೆಯುವುದು ಸಾಮಾನ್ಯವಾಗಿ ದಿಕ್ಕು ಬದಲಿಸಿದ ಒಣಗಾಳಿ. ಹಾಗಾಗಿ ಮಂಜು ಯಾವಾಗ ಕವಿಯುತ್ತದೆ ಎನ್ನುವುದಕ್ಕಿಂತ ಯಾವಾಗ ತೆರೆಯುತ್ತದೆ ಎನ್ನುವುದೇ ಹೆಚ್ಚು ಕಷ್ಟದ ಪ್ರಶ್ನೆ.

ಮೇಜಿನ ಮೇಲಿನ ಕೆಲಸ, ಕಂಬದ ಮೇಲಿನ ಪೆಟ್ಟಿಗೆ

ಮಾದರಿಯ ಉತ್ತರವನ್ನು ಹಾಗೇ ನಂಬದೆ ಮುನ್ಸೂಚಕ ಮಾಡಬೇಕಾದ ಕೈಲೆಕ್ಕ ಒಂದಿದೆ. ಬಂದರಿಗೆ ನಾಳೆ ತಲುಪುವ ಗಾಳಿ ಎಲ್ಲಿಂದ ಹೊರಟಿತು ಎಂದು 24ರಿಂದ 48 ಗಂಟೆ ಹಿಂದಕ್ಕೆ ದಾರಿ ಗುರುತಿಸಬೇಕು. ಆ ದಾರಿಯಲ್ಲಿ ಮೂರು ಗಂಟೆಗೊಮ್ಮೆ ಕಡಲ ತಾಪ ಬರೆದುಕೊಳ್ಳಬೇಕು. ಉದಾಹರಣೆಗೆ, ಹೊರಟಾಗ ಗಾಳಿಯ ಇಬ್ಬನಿ ಬಿಂದು 17 ಡಿಗ್ರಿ, ದಾರಿಯ ನೀರು 20, 16, 12, 9 ಎಂದು ಇಳಿದರೆ 16ರ ಸುಮಾರಿಗೇ ಮಂಜಿನ ಸಿದ್ಧತೆ ಆರಂಭ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಆ 17ನ್ನು ಕೊನೆಯವರೆಗೂ 17 ಎಂದೇ ಇಟ್ಟುಕೊಳ್ಳುವುದು. ತಣ್ಣೀರಿನ ಮೇಲೆ ಹಾಯುತ್ತ ಗಾಳಿ ತನ್ನ ತೇವವನ್ನು ನೀರಿಗೇ ಬಿಟ್ಟುಕೊಡುತ್ತದೆ, ಇಬ್ಬನಿ ಬಿಂದುವೂ ಇಳಿಯುತ್ತ ಹೋಗುತ್ತದೆ. ಇದನ್ನು ಮರೆತರೆ ಬಾರದ ಮಂಜಿಗೂ ಎಚ್ಚರಿಕೆ ಹೋಗುತ್ತದೆ.

ಮುಂದಿನದು ಉಪಗ್ರಹ ಚಿತ್ರ. ರಾತ್ರಿ 3.9 ಮತ್ತು 11 ಮೈಕ್ರಾನ್ ತರಂಗಾಂತರದ ಅವಗೆಂಪು ಕಿರಣಗಳಲ್ಲಿ ಅಳೆದ ತಾಪಗಳ ವ್ಯತ್ಯಾಸ ತೆಗೆದರೆ ಸಣ್ಣ ಹನಿಗಳ ಮೋಡ ಎದ್ದು ಕಾಣುತ್ತದೆ. ಎರಡು ಕಡೆ ಇದು ಮೋಸ ಮಾಡುತ್ತದೆ. ಮೋಡದ ನೆತ್ತಿ ಕಾಣುತ್ತದೆ, ಬುಡ ಕಾಣುವುದಿಲ್ಲ. ನೀರಿಗೆ ತಾಗಿದ ಮಂಜೂ 200 ಮೀಟರ್ ಮೇಲಿರುವ ಮೋಡವೂ ಒಂದೇ ಬಣ್ಣ. ಎರಡನೆಯದು, ಬೆಳಗು ಹರಿಯುತ್ತಿದ್ದಂತೆ ಸೂರ್ಯನ ಬೆಳಕು 3.9ರಲ್ಲಿ ಬೆರೆತು ಲೆಕ್ಕ ಕೆಡುತ್ತದೆ. ಬೆಳಗಿನ ಪಾಳಿಯಲ್ಲಿ ಹಡಗು ಒಳತರುವ ಪೈಲಟ್‌ಗೆ ಅದು ತೀರಾ ಬೇಕಾದ ಹೊತ್ತು. ಮೋಡದ ಬುಡ ಅಳೆಯುವ ಲೇಸರ್ ಉಪಕರಣ ದಡದಲ್ಲಿ ಒಂದಾದರೂ ಇದ್ದರೆ ಮೊದಲ ಗೊಂದಲ ಅಷ್ಟರಮಟ್ಟಿಗೆ ತೀರುತ್ತದೆ.

ಗೋಚರತೆ ಅಳೆಯುವ ಪೆಟ್ಟಿಗೆಯನ್ನೂ ಹತ್ತಿರದಿಂದ ನೋಡಬೇಕು. ಕಂಬದ ಮೇಲೆ ಎರಡು ಚಾಚಿದ ತೋಳು; ಒಂದರಿಂದ ಅವಗೆಂಪು ಬೆಳಕು ಹೊರಡುತ್ತದೆ, ಇನ್ನೊಂದು ಓರೆಯಾಗಿ ನಿಂತು ಹನಿಗಳಿಂದ ಚೆದುರಿ ಬಂದ ಬೆಳಕನ್ನು ಹಿಡಿಯುತ್ತದೆ. ಅದು ನೋಡುವ ಗಾಳಿ ಒಂದು ಲೋಟದಲ್ಲಿ ಹಿಡಿಸುವಷ್ಟು. ಅಷ್ಟರಿಂದಲೇ ಇಡೀ ಬಂದರಿನ ಗೋಚರತೆ ಹೇಳುತ್ತದೆ. ಗಾಜಿನ ಮೇಲೆ ಉಪ್ಪು ಕಟ್ಟಿದರೆ ಬೆಳಕು ಮಂಕಾಗಿ ಗೋಚರತೆ ಹೆಚ್ಚಿದಂತೆ ತೋರಬಹುದು. ತೋಳುಗಳ ನಡುವೆ ಜೇಡ ಬಲೆ ಕಟ್ಟಿದರೆ ನಿಚ್ಚಳ ಬಿಸಿಲಲ್ಲೂ ಮಂಜು ಎಂದು ಸಾರುತ್ತದೆ. ಇದು ಉತ್ಪ್ರೇಕ್ಷೆಯಲ್ಲ, ಇಂಥ ಉಪಕರಣಗಳ ನಿತ್ಯದ ಗೋಳು. ಕಡಲ ಬದಿಯಲ್ಲಿ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಮೇಲಿಂದ ಮೇಲೆ ಒರೆಸಬೇಕು, ತಯಾರಕರ ಪರೀಕ್ಷಾ ಫಲಕ ಇಟ್ಟು ನಿಗದಿತ ಅವಧಿಗೊಮ್ಮೆ ಅಳತೆ ಸರಿನೋಡಬೇಕು. ಗೊತ್ತಿರುವ ದೂರದ ದೀಪಸ್ತಂಭ, ಕ್ರೇನ್, ಬೋಯ್‌ಗಳತ್ತ ತಿರುಗಿಸಿದ ಕ್ಯಾಮೆರಾ ಪಕ್ಕದಲ್ಲಿದ್ದರೆ ಪೆಟ್ಟಿಗೆಯ ಸುಳ್ಳು ತಕ್ಷಣ ಸಿಕ್ಕಿಬೀಳುತ್ತದೆ.

ಶೇ 95 ಸರಿ ಎಂದರೆ ಏನರ್ಥ?

ಸಾವಿರ ಗಂಟೆಗಳಲ್ಲಿ 50 ಗಂಟೆ ಮಂಜು ಇತ್ತು ಎಂದುಕೊಳ್ಳಿ. ಮುನ್ಸೂಚಕರು 60 ಗಂಟೆಗೆ ಮಂಜು ಎಂದರು, ಅದರಲ್ಲಿ 30 ನಿಜವಾಯಿತು. 20 ಗಂಟೆ ಹೇಳದೆ ಬಂತು, 30 ಗಂಟೆ ಹೇಳಿಯೂ ಬರಲಿಲ್ಲ. ಒಟ್ಟು ಲೆಕ್ಕದಲ್ಲಿ 950 ಗಂಟೆ ಸರಿ, ಶೇ 95. ಈಗ ಯಾರೋ ಒಬ್ಬರು ಕಣ್ಣುಮುಚ್ಚಿ ಸಾವಿರ ಗಂಟೆಯೂ ಮಂಜಿಲ್ಲ ಎಂದರೂ ಅದೇ 950, ಅದೇ ಶೇ 95! ಆದ್ದರಿಂದ ಒಟ್ಟು ಶೇಕಡಾ ತೋರಿಸುವ ವರದಿಯನ್ನು ಬದಿಗಿಟ್ಟು, ಬಂದ ಮಂಜಿನಲ್ಲಿ ಎಷ್ಟು ಹಿಡಿದಿರಿ (ಇಲ್ಲಿ ಶೇ 60), ಕೊಟ್ಟ ಎಚ್ಚರಿಕೆಯಲ್ಲಿ ಎಷ್ಟು ಹುಸಿ (ಶೇ 50) ಎಂಬ ಎರಡು ಅಂಕಿ ಕೇಳಬೇಕು.

ಎಷ್ಟು ಹುಸಿ ಎಚ್ಚರಿಕೆಯನ್ನು ತಾಳಬಹುದು ಎನ್ನುವುದು ಕೇಳುವವರ ಮೇಲೆ ನಿಂತಿದೆ. ಕಾಯುವ ಖರ್ಚು ಒಂದು ರೂಪಾಯಿ, ಸಿಕ್ಕಿಕೊಂಡರೆ ಆಗುವ ನಷ್ಟ ಹತ್ತು ರೂಪಾಯಿ ಎಂದಾದರೆ ಮಂಜಿನ ಸಾಧ್ಯತೆ ಶೇ 10 ದಾಟಿದ ಕೂಡಲೇ ಕಾಯುವುದು ಲಾಭ. ಎಣ್ಣೆ ಟ್ಯಾಂಕರಿಗೆ ಈ ಗಡಿ ಇನ್ನೂ ಕೆಳಗೆ, ಖಾಲಿ ದೋಣಿಗೆ ಮೇಲೆ. ಆದ್ದರಿಂದ ಮಂಜು ಇದೆ, ಇಲ್ಲ ಎಂಬ ಒಂದು ಪದಕ್ಕಿಂತ ಸಾಧ್ಯತೆಯ ಅಂಕಿ ಹೆಚ್ಚು ಉಪಯೋಗಿ. ಮಾದರಿಯನ್ನು ಕಡಲ ತಾಪ ಕಾಲು ಡಿಗ್ರಿ ಮೇಲೆ, ಕಾಲು ಡಿಗ್ರಿ ಕೆಳಗೆ ಎಂದು ಹಲವು ಸಲ ಓಡಿಸಿದರೆ ಆ ಅಂಕಿ ಸಿಗುತ್ತದೆ. ಬಹುಪಾಲು ಮಾದರಿಗಳು ಗಾಳಿಯನ್ನು ಹೀಗೆ ಅಲುಗಾಡಿಸಿ ನೋಡುತ್ತವೆ, ಕಡಲನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮಂಜಿನ ಮಟ್ಟಿಗೆ ಇದು ಮೊದಲು ಸರಿಪಡಿಸಬೇಕಾದ ಲೋಪ.

ಬ್ರಿಟನ್ನಿನ ಹಡಗು ಮುನ್ಸೂಚನೆಯಲ್ಲಿ ಸಾವಿರ ಮೀಟರಿಗಿಂತ ಕಡಿಮೆಯಾದ ಎಲ್ಲ ಗೋಚರತೆಗೂ ಒಂದೇ ಹೆಸರು. ತೆರೆದ ಕಡಲಿಗೆ ಅದು ಸಾಕು. ಬಂದರಿನ ಕಾಲುವೆಯಲ್ಲಿ 900 ಮೀಟರಿಗೂ 200 ಮೀಟರಿಗೂ ಅಜಗಜಾಂತರ: ಮೊದಲನೆಯದರಲ್ಲಿ ಎಳೆದು ನೂಕುವ ಪುಟ್ಟ ಹಡಗು ಟಗ್ ಜತೆಗಿದ್ದರೆ ಹಡಗು ತರಬಹುದು, ಎರಡನೆಯದರಲ್ಲಿ ಪೈಲಟ್ ಏಣಿ ಹತ್ತುವುದೇ ಅಪಾಯ. ಪೈಲಟ್‌ಗೆ ಬೇಕಾದದ್ದು ಇಷ್ಟು: ಪೈಲಟ್ ಹತ್ತುವ ಜಾಗ, ಕಾಲುವೆಯ ತಿರುವು, ಹಡಗುಕಟ್ಟೆ ಎಂದು ದಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಗಂಟೆಗೊಂದು ಅಂಕಿ, ಒಂದು ನಾಟಿಕಲ್ ಮೈಲು, 500 ಮೀಟರ್, 200 ಮೀಟರ್ ಎಂಬ ಮೂರು ಗಡಿಗಳಲ್ಲಿ. ಅಳತೆ ಮಾಡಿದ ಗೋಚರತೆಯನ್ನು ಹಡಗಿನ ಎಐಎಸ್ (ಹಡಗುಗಳು ತಮ್ಮ ಗುರುತು, ಜಾಗವನ್ನು ರೇಡಿಯೊದಲ್ಲಿ ತಾವೇ ಸಾರುವ ವ್ಯವಸ್ಥೆ) ಪರದೆಗೇ ಕಳಿಸುವ ಸಂದೇಶದ ಮಾದರಿಯನ್ನು ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2010ರಲ್ಲೇ ಕೊಟ್ಟಿದೆ. ಹಡಗುಗಳಿಂದ ವಾಪಸು ಬರುವ ವರದಿಯೂ ಅಷ್ಟೇ ಬೆಲೆಯುಳ್ಳದ್ದು. ಹವಾಮಾನ ಸಂಕೇತದಲ್ಲಿ 90 ಎಂದರೆ 50 ಮೀಟರಿಗಿಂತ ಕಡಿಮೆ, 93 ಎಂದರೆ 500ರಿಂದ 1000 ಮೀಟರ್. ಎರಡಂಕಿಯ ಈ ವರದಿ ಮಂಜಿನ ಅಂಚು ಎಲ್ಲಿದೆ ಎಂದು ಹೇಳುತ್ತದೆ, ಉಪಗ್ರಹ ಅದನ್ನು ಹೇಳಲಾರದು.

ನಮ್ಮ ಕಡಲಿನ ಮಾತು

ಮಂಗಳೂರು, ಕಾರವಾರದ ಕಡಲಲ್ಲಿ ಈ ಬಗೆಯ ಮಂಜು ಕಟ್ಟುವುದಿಲ್ಲ. ಜನವರಿಯಲ್ಲೂ ಅಲ್ಲಿನ ನೀರು 28 ಡಿಗ್ರಿಯ ಆಸುಪಾಸು, ಗಾಳಿಯ ಇಬ್ಬನಿ ಬಿಂದು ಅದಕ್ಕಿಂತ ಎಷ್ಟೋ ಕೆಳಗೆ. ತಂಬಿಗೆಯೇ ಬೆಚ್ಚಗಿದ್ದರೆ ಬೆವರುವುದೆಲ್ಲಿ? ಚಳಿಗಾಲದ ಬೆಳಗ್ಗೆ ನೇತ್ರಾವತಿ, ಗುರುಪುರ ನದಿಗಳ ಮೇಲೆ ಕಾಣುವ ಮಂಜು ಬಿಸಿಲೇರಿದರೆ ಕರಗುವಂಥದ್ದು. ಇಲ್ಲಿ ಹಡಗಿನ ಕಣ್ಣು ಕಟ್ಟುವುದು ಮುಂಗಾರಿನ ಜಡಿಮಳೆ.

ಭಾರತದಲ್ಲಿ ಹಡಗಿಗೆ ಮಂಜು ಕಾಡುವ ಮುಖ್ಯ ಜಾಗ ಕೋಲ್ಕತ್ತಾದ ಹೂಗ್ಲಿ ನದಿ. ಡಿಸೆಂಬರ್, ಜನವರಿಯ ಆ ಮಂಜಿನ ಹುಟ್ಟೇ ಬೇರೆ: ತಿಳಿಯಾದ ಆಕಾಶ, ಅಲುಗದ ಗಾಳಿ, ರಾತ್ರಿ ಶಾಖ ಕಳೆದುಕೊಂಡ ನೆಲ. ಗ್ರ್ಯಾಂಡ್ ಬ್ಯಾಂಕ್ಸ್‌ನ ಲೆಕ್ಕವನ್ನು ಹಾಗೆಯೇ ಎತ್ತಿ ತಂದಿಟ್ಟರೆ ನಡೆಯದು. ಇಲ್ಲಿ ಕಡಲ ತಾಪಕ್ಕಿಂತ ದಡದ ಮಣ್ಣಿನ ತೇವ, ರಾತ್ರಿಯ ಗಾಳಿ, ನದಿನೀರಿನ ತಾಪ ಮುಖ್ಯ. ಮೇಲಾಗಿ ಹೂಗ್ಲಿಯಲ್ಲಿ ದೊಡ್ಡ ಹಡಗು ಉಬ್ಬರವನ್ನು ನಂಬಿ ಸಾಗುತ್ತದೆ. ಮಂಜು ಮೂರೇ ಗಂಟೆ ಇದ್ದರೂ ಉಬ್ಬರ ತಪ್ಪಿದರೆ ಹನ್ನೆರಡು ಗಂಟೆ ಹೋಯಿತು. ಮಕರ ಸಂಕ್ರಾಂತಿಯ ಗಂಗಾಸಾಗರ ಜಾತ್ರೆಗೆ ಹೊರಟ ಯಾತ್ರಿಕರು ಮುರಿಗಂಗಾ ದಾಟುವ ಕಟ್ಟೆಯಲ್ಲಿ ಮಂಜು ತೆರೆಯುವವರೆಗೆ ಗಂಟೆಗಟ್ಟಲೆ ಕಾಯುವುದೂ ಇದೇ ಕಾರಣಕ್ಕೆ. ದೆಹಲಿ ವಿಮಾನ ನಿಲ್ದಾಣದಲ್ಲಿ 2015ರಿಂದ ಚಳಿಗಾಲದ ಮಂಜಿನ ಅಧ್ಯಯನ ನಡೆಯುತ್ತ ಬಂದಿದೆ. ಅದೇ ಬಗೆಯ ಉಪಕರಣಗಳು, ಅಂದರೆ ಹನಿ ಎಣಿಸುವ ಯಂತ್ರ, ಎರಡು ಎತ್ತರಗಳ ತಾಪ ಮತ್ತು ತೇವ, ಮೋಡದ ಬುಡ ಅಳೆಯುವ ಲೇಸರ್, ಸಾಗರ ದ್ವೀಪದಲ್ಲೊಂದು, ಹಲ್ದಿಯಾದಲ್ಲೊಂದು, ನಡುವಿನ ಕಾಲುವೆಯ ಬೋಯ್ ಮೇಲೊಂದು ಬೇಕು. ಹೂಗ್ಲಿಯ ಪೈಲಟ್ ಕೇಳುವುದು ನಾಳೆ ಮಂಜಿದೆಯೇ ಎಂದಲ್ಲ. ಜನವರಿಯಲ್ಲಿ ಅದು ಹೇಗೂ ಇರುತ್ತದೆ. ಬೆಳಗಿನ ಉಬ್ಬರ ಇಳಿಯಲು ಶುರುವಾಗುವ ಮೊದಲು ತೆರೆಯುತ್ತದೆಯೇ ಎಂದು ಆತ ಕೇಳುತ್ತಾನೆ, ಅದೂ ಹಿಂದಿನ ಸಂಜೆ, ಟಗ್‌ಗಳನ್ನು ಗೊತ್ತುಮಾಡುವ ಹೊತ್ತಿಗೆ.